ಕಣ್ಣು ಕಾಣದವರಿಗೆ ಚಿತ್ರ ಹೇಳುವುದು: ನಾನು ಎಡವಿದ ಜಾಗ

ಎಲ್ಲರಿಗೂ ಎಟಕುವ ಮ್ಯೂಸಿಯಂ ಹೇಗಿರಬೇಕು ಅನ್ನುವ ಪಾಠದಲ್ಲಿ ಕಾನೂನು, ರ‍್ಯಾಂಪು, ಬ್ರೈಲ್ ಎಲ್ಲ ಒಂದೇ ಸಂಜೆಗೆ ಮುಗಿಯಿತು. ಚಿತ್ರವನ್ನು ಮಾತಿನಲ್ಲಿ ಹೇಳುವ ಒಂದೇ ಒಂದು ಪುಟ ಮಾತ್ರ ಮೂರು ದಿನ ತಿಂದಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ.

ಮೊದಲು ಸುಲಭದ್ದು. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು. 21 ಬಗೆಯ ವೈಕಲ್ಯ ಅದರಲ್ಲಿ ಬರುತ್ತವೆ. ಕಲೆ ಎಲ್ಲರಿಗೂ ಸಿಗಬೇಕು ಅನ್ನುವುದು ಸೆಕ್ಷನ್ 29ರಲ್ಲಿದೆ. ರ‍್ಯಾಂಪಿನ ಇಳಿಜಾರು 1:12. ಇದು 12 ಡಿಗ್ರಿ ಅಲ್ಲ, ನಾನೂ ಹಾಗೇ ಅಂದುಕೊಂಡಿದ್ದೆ. ಒಂದು ಅಡಿ ಏರಲು 12 ಅಡಿ ಉದ್ದ ಬೇಕು ಅಂತ ಅರ್ಥ. ಡಿಗ್ರಿಯಲ್ಲಿ ಲೆಕ್ಕ ಹಾಕಿದರೆ ಐದಕ್ಕೂ ಕಡಿಮೆ. ಬಾಗಿಲ ಮುಂದೆ ಮೂರು ಮೆಟ್ಟಿಲು ಸೇರಿ 45 ಸೆಂ.ಮೀ. ಇದ್ದರೆ ರ‍್ಯಾಂಪು 5.4 ಮೀಟರ್ ಬೇಕು. ಮೆಟ್ಟಿಲ ಮೇಲೆ ಹಲಗೆ ಹಾಸಿಬಿಟ್ಟರೆ ಆಗಲ್ಲ ಅನ್ನುವುದು ಇದಕ್ಕೇ.

ಶಿಲ್ಪಗಳದ್ದೂ ಅಷ್ಟು ಕಷ್ಟವಿಲ್ಲ. ಮುಟ್ಟಿ ನೋಡಬಹುದು. ಇಟಲಿಯ ಅಂಕೋನಾದಲ್ಲಿರುವ ಒಮೆರೊ ಮ್ಯೂಸಿಯಂ 1993ರಲ್ಲಿ ಶುರುವಾಗಿದ್ದೇ ಮುಟ್ಟಿ ನೋಡುವುದಕ್ಕೆ. ಅದನ್ನು ಕಟ್ಟಿದ ದಂಪತಿಗೆ ಇಬ್ಬರಿಗೂ ಕಣ್ಣು ಕಾಣಿಸದು. ದೆಹಲಿಯ ರಾಷ್ಟ್ರೀಯ ಮ್ಯೂಸಿಯಮ್ಮಿನ 'ಅನುಭವ್' ಗ್ಯಾಲರಿಯಲ್ಲೂ ಮೂಲ ವಸ್ತುಗಳ ಪ್ರತಿಕೃತಿಗಳನ್ನು ಮುಟ್ಟಲು ಇಟ್ಟಿದ್ದಾರೆ.

ಆದರೆ ಜಲವರ್ಣದ ಚಿತ್ರವನ್ನು ಮುಟ್ಟಿದರೆ ಏನು ಸಿಗುತ್ತೆ? ಬರೀ ಕಾಗದ. ಅಲ್ಲಿ ಮಾತೇ ಬೇಕು. ನಾನು ಜಾರಿದ್ದು ಇಲ್ಲೇ.

ಅಭ್ಯಾಸಕ್ಕೆ ತೆಗೆದುಕೊಂಡಿದ್ದು ಮೈಸೂರಿನ ಜಗನ್ಮೋಹನ ಅರಮನೆಯ 'ಗ್ಲೋ ಆಫ್ ಹೋಪ್'. ದೀಪ ಹಿಡಿದ ಹೆಂಗಸಿನ ಚಿತ್ರ. ರವಿವರ್ಮನದ್ದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ, ಬರೆದವರು ಎಸ್.ಎಲ್. ಹಲ್ದಂಕರ್. ನನ್ನ ಮೊದಲ ಸಾಲು ಹೀಗಿತ್ತು: "ದೀಪದ ಬೆಳಕಿನಲ್ಲಿ ಹೊಳೆಯುವ ಸುಂದರ ಮುಖದ, ಶಾಂತ ಭಾವದ ಮಹಿಳೆ."

ಹುಟ್ಟಿನಿಂದ ಕಣ್ಣು ಕಾಣದ ಗೆಳೆಯನಿಗೆ ಓದಿ ಹೇಳಿದೆ. "ಸುಂದರ ಅಂತ ನೀನೇ ತೀರ್ಮಾನ ಮಾಡಿಬಿಟ್ಟೆಯಲ್ಲೋ, ನನಗೇನು ಉಳೀತು?" ಅಂದ. ಆಮೇಲೆ, "ಅದಿರಲಿ, ದೀಪ ಎಲ್ಲಿದೆ? ಗೋಡೆ ಗೂಡಲ್ಲೋ, ಕೈಯಲ್ಲೋ?"

ಹೇಳೇ ಇರಲಿಲ್ಲ! ಬೆಳಕು ಮುಖದ ಮೇಲೆ ಬಿತ್ತು ಅಂದಿದ್ದೆ, ಎಲ್ಲಿಂದ ಬಂತು ಅಂತ ಹೇಳಿರಲಿಲ್ಲ. ಕಣ್ಣಿದ್ದವರಿಗೆ ಎರಡೂ ಒಟ್ಟಿಗೇ ಕಾಣುತ್ತವೆ. ಮಾತಿನಲ್ಲಿ ಒಂದಾದ ಮೇಲೆ ಒಂದು ಬರಬೇಕು. ಹಾಗಾಗಿ ಮೊದಲು ಕಾರಣ, ಆಮೇಲೆ ಪರಿಣಾಮ. ಪುಸ್ತಕದಲ್ಲೂ ಇಂಥದೇ ಒಂದು ಕ್ರಮ ಇತ್ತು, 'ಸಾಮಾನ್ಯದಿಂದ ವಿಶೇಷಕ್ಕೆ' ಅಂತ: ಮೊದಲು ಇಡೀ ಚಿತ್ರ, ಆಮೇಲೆ ಚಿಕ್ಕ ವಿವರ. ಓದುವಾಗ ಸುಮ್ನೆ ತಲೆಯಾಡಿಸಿದ್ದೆ.

ಎರಡನೇ ಸಲ ಹೀಗೆ ಬರೆದೆ: "ಕಾಗದದ ಮೇಲೆ ಜಲವರ್ಣ. ಸೀರೆ ಉಟ್ಟ ಹೆಂಗಸು ಒಬ್ಬಳೇ ನಿಂತಿದ್ದಾಳೆ. ಹಿನ್ನೆಲೆ ಮಬ್ಬು. ಒಂದು ಕೈಯಲ್ಲಿ ದೀಪವಿದೆ. ಇನ್ನೊಂದು ಅಂಗೈಯನ್ನು ಜ್ವಾಲೆಗೆ ಅಡ್ಡ ಹಿಡಿದಿದ್ದಾಳೆ. ಬೆರಳುಗಳನ್ನು ಹಾದು ಬರುವ ಬೆಳಕಿಗೆ ಬೆರಳು ಕೆಂಪಾಗಿವೆ. ಅದೇ ಬೆಳಕು ಅವಳ ಮುಖಕ್ಕೂ ಬಿದ್ದಿದೆ."

ಇದರಲ್ಲಿ 'ಸುಂದರ' ಇಲ್ಲ, 'ಶಾಂತ' ಇಲ್ಲ. ಹಾಗಂತ ವಿಶೇಷಣವೇ ಬೇಡ ಅಂತಲ್ಲ. 'ಕೆಂಪು', 'ಮಬ್ಬು' ಕಾಣುವ ವಿಷಯ, ಇರಲಿ. 'ಸುಂದರ' ನನ್ನ ಅಭಿಪ್ರಾಯ, ಬೇಡ. ಈ ಗೆರೆ ಎಳೆಯುವುದಕ್ಕೇ ನನಗೆ ಜಾಸ್ತಿ ಹೊತ್ತು ಹಿಡಿದಿದ್ದು.

ಪರೀಕ್ಷಿಸಲು ಒಂದು ಸುಲಭ ದಾರಿ ಸಿಕ್ಕಿದೆ. ಚಿತ್ರ ನೋಡದವರಿಗೆ ಓದಿ ಹೇಳಿ, "ಹಾಗೇ ನಿಂತುಕೋ" ಅನ್ನಿ. ನನ್ನ ತಂಗಿ ಅಂಗೈಯನ್ನು ಜ್ವಾಲೆಯ ಮೇಲೆ ಮುಚ್ಚಳದ ಹಾಗೆ ಹಿಡಿದಳು. 'ಅಡ್ಡ' ಸಾಲದು ಅಂತ ಗೊತ್ತಾಯಿತು. "ಗಾಳಿ ತಾಗದ ಹಾಗೆ, ಜ್ವಾಲೆಯ ಪಕ್ಕಕ್ಕೆ" ಅಂತ ತಿದ್ದಿದ ಮೇಲೆ ಸರಿಯಾಗಿ ನಿಂತಳು. ಗೆಳೆಯನೂ ನಿಂತ. ಅವನ ಕೈಯಲ್ಲಿದ್ದದ್ದು ಬಿಸಿ ಕಾಫಿಯ ಸ್ಟೀಲ್ ಲೋಟ. ಪಕ್ಕದಲ್ಲಿಟ್ಟ ಅಂಗೈಗೆ ಶಾಖ ತಾಗಿದ ತಕ್ಷಣ, "ಓಹ್, ಬೆಳಕು ಅವಳಿಗೆ ಇಲ್ಲಿಂದ ಬರ್ತಿದೆ" ಅಂದ.

ಕಿವಿ ಕೇಳಿಸದವರ ವಿಷಯ ಒಂದೇ ಮಾತು: ಕನ್ನಡ ಅಕ್ಷರದ ಫಲಕ ಹಾಕಿದರೆ ಮುಗಿಯಿತು ಅನ್ನಬೇಡಿ. ಸನ್ನೆ ಭಾಷೆಯಲ್ಲೇ ಬೆಳೆದವರಿಗೆ ಬರಹದ ಕನ್ನಡ ಎರಡನೇ ಭಾಷೆ. ಸನ್ನೆ ಭಾಷೆಯ ವಿಡಿಯೋ ಬೇರೆಯೇ ಬೇಕು.

ಬಣ್ಣ ಹೇಳಬೇಕಾ ಅನ್ನುವ ಪ್ರಶ್ನೆ ತರಗತಿಯಲ್ಲಿ ಎದ್ದಿತ್ತು. ಹೇಳಬೇಕು. ಕಣ್ಣು ಕಾಣದವರಲ್ಲಿ ಎಷ್ಟೋ ಜನರಿಗೆ ಮೊದಲು ಕಾಣುತ್ತಿತ್ತು. ಹುಟ್ಟಿನಿಂದ ಕಾಣದವರೂ ಬಣ್ಣದ ಮಾತಿನ ನಡುವೆಯೇ ಬೆಳೆದಿರುತ್ತಾರೆ. ಗೆಳೆಯನನ್ನೇ ಕೇಳಿದೆ. "ಮದುವೆಗೆ ಯಾವ ಬಣ್ಣದ ಸೀರೆ ಅಂತ ಮನೇಲಿ ವಾರಗಟ್ಟಲೆ ಜಗಳ ಕೇಳಿದೀನಿ ಮಾರಾಯ. ಹೇಳು."