ಕೀಲುಬ್ಯಾನಿ ಗುಳಿಗಿ ವಾರಕ್ಕ ಒಂದೇ ದಿನ ಯಾಕ?

ಪ್ರಶ್ನೆ: ಅವ್ವಗ ರುಮಟಾಯ್ಡ್ ಸಂಧಿವಾತ ಅಂತ ಡಾಕ್ಟ್ರು ಮೆಥೊಟ್ರೆಕ್ಸೇಟ್ ಬರದಾರ, ವಾರದಾಗ ಒಂದೇ ದಿನ. ದಿನಾ ತಗೊಂಡ್ರ ಲಗೂನ ಕಡಿಮಿ ಆಗಂಗಿಲ್ಲೇನ್ರಿ? ಇದು ಕ್ಯಾನ್ಸರ್ ಗುಳಿಗಿ ಅಂತ ಯಾರೋ ಅಂದಾಗಿಂದ ಅವ್ವ ಅಂಜಿ ಕುಂತಾಳ.
(ಸಿಂಧನೂರು ತಾಲೂಕಿನ ಓದುಗರು)

ದಿನಾ ಕೊಡಬೇಡಿ. ಉಳಿದದ್ದನ್ನು ಆಮೇಲೆ ಓದಿದರೂ ನಡೆದೀತು, ಇದು ಮಾತ್ರ ಮನೆಮಂದಿಗೆಲ್ಲ ಗೊತ್ತಿರಲಿ. ಈ ಗುಳಿಗೆಯನ್ನು ತಪ್ಪಿ ದಿನವೂ ನುಂಗಿ ಜೀವ ಕಳೆದುಕೊಂಡವರಿದ್ದಾರೆ.

ಅವ್ವನ ಕಾಯಿಲೆಯಲ್ಲಿ ಮೈಕಾಯಬೇಕಾದ ರೋಗನಿರೋಧಕ ಶಕ್ತಿಯೇ ಕೀಲುಗಳ ಮೇಲೆ ಬಿದ್ದಿರುತ್ತದೆ. ಅದನ್ನು ತಗ್ಗಿಸುವುದು ಈ ಔಷಧದ ಕೆಲಸ. ಹೊಸ ಜೀವಕೋಶ ಹುಟ್ಟಲು ಫೋಲಿಕ್ ಆಮ್ಲ ಬೇಕು. ಮೆಥೊಟ್ರೆಕ್ಸೇಟ್ ನೋಡಲು ಅದರಂತೆಯೇ ಇದ್ದು, ಅದನ್ನು ಬಳಕೆಗೆ ತರುವ ಕಿಣ್ವಕ್ಕೆ ಅಂಟಿ ಕೂರುತ್ತದೆ. ರಕ್ತದಲ್ಲಿದ್ದ ಔಷಧದ ಬಹುಪಾಲು ಒಂದು ದಿನದೊಳಗೆ ಮೂತ್ರದಲ್ಲಿ ಹೋಗುತ್ತದೆ. ಆದರೆ ಕೋಶದೊಳಗೆ ಹೊಕ್ಕದ್ದಕ್ಕೆ ಅಲ್ಲಿನ ಅಮೈನೊ ಆಮ್ಲವಾದ ಗ್ಲುಟಮೇಟ್‌ನ ಬಾಲ ಬೆಳೆದು, ಹೊರಬರಲಾಗದೆ ಅಲ್ಲೇ ಬಹಳ ದಿನ ಉಳಿಯುತ್ತದೆ. ಕಾಲುವೆ ಬಂದ್ ಆದರೂ ಭತ್ತದ ಗದ್ದೆಯಲ್ಲಿ ನೀರು ನಿಂತಿರುತ್ತದಲ್ಲ, ಹಾಗೆ. ಅಷ್ಟರಿಂದಲೇ ಕೋಶಗಳು ಅಡೆನೊಸಿನ್ ಎಂಬ ವಸ್ತುವನ್ನು ಹೆಚ್ಚು ಹೊರಬಿಟ್ಟು ಬಾವು ಇಳಿಯುತ್ತದೆ ಎಂದು ಸಂಶೋಧಕರು ಹೇಳುತ್ತಾರೆ.

ದಿನವೂ ಕೊಟ್ಟರೆ? ಮೂಳೆಮಜ್ಜೆ, ಬಾಯಿ, ಕರುಳಿನ ಒಳಪದರ ಇಲ್ಲೆಲ್ಲ ನಿತ್ಯ ಹೊಸ ಕೋಶ ಹುಟ್ಟಲೇಬೇಕು. ಅವಕ್ಕೆ ಸುಧಾರಿಸಿಕೊಳ್ಳಲು ಬಿಡುವೇ ಸಿಗುವುದಿಲ್ಲ. ಬಾಯಿಹುಣ್ಣು ಏಳುತ್ತದೆ, ಬಿಳಿ ರಕ್ತಕಣ ಕುಸಿಯುತ್ತದೆ, ಸೋಂಕು ಹತ್ತುತ್ತದೆ.

ಕ್ಯಾನ್ಸರ್ ಮಾತು ಸುಳ್ಳಲ್ಲ. ಭೀಮವರಂನಲ್ಲಿ ಹುಟ್ಟಿ ಅಮೆರಿಕದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡ ಅಮಿನೊಪ್ಟೆರಿನ್ ಎಂಬ ಔಷಧ ತಯಾರಿಸಿತು. ಅದರಿಂದ ರಕ್ತಕ್ಯಾನ್ಸರಿನ ಮಕ್ಕಳು ಕೆಲಕಾಲ ಚೇತರಿಸಿಕೊಂಡದ್ದನ್ನು ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ 1948ರಲ್ಲಿ ಪ್ರಕಟಿಸಿದರು. ಮೆಥೊಟ್ರೆಕ್ಸೇಟ್ ಅದರ ತಮ್ಮನಿದ್ದಂತೆ. ಕ್ಯಾನ್ಸರಿಗೆ ಗ್ರಾಂ ಲೆಕ್ಕದಲ್ಲೂ ಕೊಡುವುದುಂಟು. ಕೀಲಿಗೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ, ಅಷ್ಟೇ. ಸಂಧಿವಾತಕ್ಕೆ ಅಮೆರಿಕ 1988ರಲ್ಲಿ ಒಪ್ಪಿಗೆ ಕೊಟ್ಟಿತು. ಇವತ್ತಿಗೂ ಬಹುತೇಕರಿಗೆ ಮೊದಲು ಬರೆಯುವ ಔಷಧ ಇದೇ. ಅವ್ವಗೆ ಧೈರ್ಯ ಹೇಳಿ. ಗುಣ ಕಾಣಲು 6ರಿಂದ 12 ವಾರ ಬೇಕು ಅಂತಲೂ ಹೇಳಿ, ಇಲ್ಲದಿದ್ದರೆ ಎರಡನೇ ವಾರಕ್ಕೇ ಬೇಸತ್ತು ಬಿಟ್ಟುಬಿಡುತ್ತಾರೆ.

ನಮ್ಮ ಕಡೆ ಹೆಣ್ಣುಮಕ್ಕಳು ಸೋಮವಾರವೋ ಶನಿವಾರವೋ ವಾರ ಹಿಡಿಯುತ್ತಾರೆ, ಮರೆಯುವುದೇ ಇಲ್ಲ. ಗುಳಿಗೆಗೂ ಹಾಗೇ ಒಂದು ವಾರ ಹಿಡಿಸಿ, ಚೀಟಿಯ ಮೇಲೆ ದಿನದ ಹೆಸರನ್ನು ಪೂರ್ತಿ ಬರೆಸಿ. ಅಡ್ಡಪರಿಣಾಮ ತಗ್ಗಿಸಲು ಜೊತೆಗೆ ಬರೆಯುವ ಫೋಲಿಕ್ ಆಮ್ಲದ ಗುಳಿಗೆ ಬೇರೆ ದಿನ. ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ, ಅದಲುಬದಲಾಗುವುದು ಅಲ್ಲೇ. ರಕ್ತಪರೀಕ್ಷೆ ತಪ್ಪಿಸಬೇಡಿ. ರಾಯಚೂರು ಬ್ಯಾಸಿಗಿಯಲ್ಲಿ ವಾಂತಿ-ಭೇದಿಯಾಗಿ ಮೈಯ ನೀರು ಬತ್ತಿದರೆ ಕಿಡ್ನಿ ಔಷಧವನ್ನು ಹೊರಹಾಕಲಾರದು. ಆ ವಾರದ ಗುಳಿಗೆ ಕೊಡುವ ಮೊದಲು ಡಾಕ್ಟರನ್ನು ಕೇಳಿ. ಉರಿಮೂತ್ರಕ್ಕೆ ಕೊಡುವ ಕೋಟ್ರೈಮಾಕ್ಸಜೋಲ್ ಇದರ ಜೊತೆ ಬೇಡವೇ ಬೇಡ. ಬಸುರಿಯರು ಇದನ್ನು ತೆಗೆದುಕೊಳ್ಳುವಂತಿಲ್ಲ, ಕೀಲುನೋವು ಅಂದ ಸೊಸೆಗೆ ಅತ್ತೆಯ ಗುಳಿಗೆ ಹಂಚಬೇಡಿ.

ಈಗಾಗಲೇ ನಾಲ್ಕು ದಿನ ಸತತ ನುಂಗಿಸಿದ್ದರೆ, ಅವ್ವ ಗಟ್ಟಿಯಾಗೇ ಕಂಡರೂ, ಗುಳಿಗೆಯ ಪಟ್ಟಿ ಹಿಡಿದು ಇವತ್ತೇ ರಾಯಚೂರಿನ ದೊಡ್ಡಾಸ್ಪತ್ರೆಗೆ ಹೊರಡಿ. ಫೋಲಿನಿಕ್ ಆಮ್ಲ ಎಂಬ ಮಾರುಮದ್ದು ಇದೆ. ಅದು ಎಷ್ಟು ಬೇಗ ಮೈಗೆ ಹೋದರೆ ಅಷ್ಟು ಫಲ.