ಮುಖಕ್ಕಿಂತ ಮೊದಲು ಬೆನ್ನಿಗೆ ಜಾಗ ನೋಡಿ

"ಬಾಗಿಲ ಮೇಲಿನ ವೆಂಟಿಲೇಟರ್ ತೆಗೆದು ಎಸಿಯನ್ನು ಅಲ್ಲಿಯೇ ಕೂರಿಸಿಬಿಡಿ. ನಾನೇ ಅಳತೆ ತೆಗೆದಿದ್ದೇನೆ, ಸರಿಯಾಗಿ ಕೂರುತ್ತದೆ" ಎಂದರು ಮುಂಬೈಯ ಮಾಟುಂಗದ ಹಳೆಯ ಕಟ್ಟಡವೊಂದರ ಎರಡನೆಯ ಮಹಡಿಯ ಯಜಮಾನರು. ಕುಂದಾಪುರ ಕಡೆಯವರು, ಬ್ಯಾಂಕಿನಿಂದ ನಿವೃತ್ತರಾದವರು. ಅವರ ಅಳತೆ ನಿಜಕ್ಕೂ ಸರಿಯಿತ್ತು. ಒಂದೂವರೆ ಟನ್ನಿನ ವಿಂಡೋ ಎಸಿ ಸುಮಾರು 66 ಸೆಂಟಿಮೀಟರ್ ಅಗಲ, 43 ಸೆಂಟಿಮೀಟರ್ ಎತ್ತರ ಇರುತ್ತದೆ. ವೆಂಟಿಲೇಟರಿನ ಚೌಕಟ್ಟು ಅದಕ್ಕಿಂತ ಎರಡು ಬೆರಳು ದೊಡ್ಡದೇ ಇತ್ತು. ಆದರೆ ಅದು ತೆರೆದುಕೊಳ್ಳುತ್ತಿದ್ದುದು ನಾಲ್ಕು ಮನೆಯವರು ಓಡಾಡುವ, ಎರಡೂ ತುದಿ ಮುಚ್ಚಿದ ಪ್ಯಾಸೇಜಿಗೆ. ನಾನು ಆಗುವುದಿಲ್ಲ ಎಂದೆ.

ಆ ಕೋಣೆಗೆ ಕಿಟಕಿ ಇರಲಿಲ್ಲವೆಂದಲ್ಲ. ಒಳ್ಳೆಯ ದೊಡ್ಡ ಕಿಟಕಿಯೇ ಇತ್ತು. ಅದರ ಪಕ್ಕದ ಮಂಚದಲ್ಲಿ ಯಜಮಾನರ ತಾಯಿ ಕುಳಿತಿದ್ದರು. ಎಂಬತ್ತು ದಾಟಿದ ಜೀವ, ಮೊಣಕಾಲು ನೋವಿನಿಂದ ಮೆಟ್ಟಿಲು ಇಳಿಯುವುದು ನಿಂತು ವರ್ಷಗಳಾಗಿವೆ. ಬೆಳಗಿನಿಂದ ಸಂಜೆಯವರೆಗೆ ಅವರಿಗೆ ಹೊರಗಿನ ಲೋಕವೆಂದರೆ ಆ ಕಿಟಕಿ: ರಸ್ತೆಯ ಮರ, ಹೂವಿನ ಗಾಡಿ, ಶಾಲೆಗೆ ಹೋಗುವ ಮಕ್ಕಳು. "ತಮ್ಮಾ, ಸೆಕೆ ಬೇಕಾದರೆ ತಡೆದುಕೊಳ್ಳುತ್ತೇನೆ, ಕಿಟಕಿ ಮಾತ್ರ ಮುಚ್ಚಬೇಡ" ಎಂದರು. ಮಗ ಬಾಗಿಲ ಮೇಲೆ ಜಾಗ ಹುಡುಕಿದ್ದೂ ಅದಕ್ಕಾಗಿಯೇ.

ಮುಂಬೈಯಲ್ಲಿ ಎಸಿ ರಿಪೇರಿಯ ಕೆಲಸ ಮಾಡುತ್ತಾ ನನಗೆ ಇಪ್ಪತ್ತಾರು ವರ್ಷವಾಯಿತು. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಈ ಕಸುಬು ಕಲಿತವನು ನಾನು. ಏಪ್ರಿಲ್ ಬಂತೆಂದರೆ ಇಂಥ ಕರೆಗಳೇ ಹೆಚ್ಚು. ಕಿಟಕಿಗೆ ಬಾಕ್ಸ್ ಗ್ರಿಲ್ ಇದೆ, ಅಡುಗೆಮನೆಯ ಗೋಡೆಯಲ್ಲಿ ಆದೀತೇ? ಬಾಲ್ಕನಿಯನ್ನು ಕೋಣೆಗೆ ಸೇರಿಸಿಕೊಂಡಿದ್ದೇವೆ, ನಡುವಿನ ಗೋಡೆಯಲ್ಲಿ ಆದೀತೇ? ಕೋಣೆಯೊಳಗಿನ ಮಾಳದ, ಅಂದರೆ ಅಟ್ಟದ ಮೇಲೆ? ಬಚ್ಚಲಿನ ಕಡೆಗೆ? ಎಲ್ಲರೂ ಯಂತ್ರದ ಮುಖ ಎಲ್ಲಿ ಕೂರುತ್ತದೆ ಎಂದು ನೋಡುತ್ತಾರೆ. ನಾನು ಮೊದಲು ಅದರ ಬೆನ್ನು ಎಲ್ಲಿಗೆ ಬರುತ್ತದೆ ಎಂದು ನೋಡುತ್ತೇನೆ.

ಈ ಯಂತ್ರದ್ದು ಹಮಾಲನ ಕೆಲಸ. ಒಳಗಿನ ಶಾಖವನ್ನು ಹೊತ್ತು ಹೊರಗೆ ಇಳಿಸುತ್ತದೆ. ಟನ್ ಎಂಬುದು ಅದರ ತೂಕ ಎಂದುಕೊಂಡವರು ಈಗಲೂ ಇದ್ದಾರೆ. ಹಿಂದೆ ಕೋಣೆ ತಣಿಸಲು ಮಂಜುಗಡ್ಡೆ ಬಳಸುತ್ತಿದ್ದ ಕಾಲದ ಲೆಕ್ಕ ಅದು: ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುತ್ತಾ ಎಷ್ಟು ಶಾಖ ಹೀರುತ್ತದೆಯೋ ಅಷ್ಟು. ಇಂದಿನ ಅಳತೆಯಲ್ಲಿ ಸುಮಾರು ಮೂರೂವರೆ ಕಿಲೋವಾಟ್. ಒಂದೂವರೆ ಟನ್ನಿನ ಯಂತ್ರ ಕೋಣೆಯಿಂದ ಐದು ಕಿಲೋವಾಟಿಗೂ ಮಿಕ್ಕಿ ಶಾಖ ಎತ್ತುತ್ತದೆ. ಎತ್ತುವುದಕ್ಕೆ ತಾನು ತಿಂದ ಸುಮಾರು ಒಂದೂವರೆ ಕಿಲೋವಾಟ್ ವಿದ್ಯುತ್ತೂ ಶಾಖವಾಗಿ ಅದಕ್ಕೆ ಸೇರುತ್ತದೆ. ಎರಡೂ ಕೂಡಿದರೆ ಬೆನ್ನಿನ ಕಡೆ ಏಳು ಕಿಲೋವಾಟಿನ ಹತ್ತಿರ. ಸ್ನಾನದ ನೀರು ಕಾಯಿಸುವ ಗೀಜರ್ ಎರಡು ಕಿಲೋವಾಟಿನದು. ಅಂದರೆ ಮೂರಕ್ಕೂ ಹೆಚ್ಚು ಗೀಜರುಗಳನ್ನು ಪ್ಯಾಸೇಜಿನಲ್ಲಿ ಬರಿಗಾಳಿಗೆ ಹಚ್ಚಿಟ್ಟಂತೆ. ಪಕ್ಕದ ಮನೆಯವರ ಬಾಗಿಲ ಮುಂದೆ ಅದನ್ನು ಸುರಿಯುವ ಹಕ್ಕು ಯಾರಿಗೂ ಇಲ್ಲ. ಗಾಳಿಯಾಡದ ಪ್ಯಾಸೇಜು ಕಾದು ಕೊನೆಗೆ ಅದೇ ಬಿಸಿಗಾಳಿ ಯಂತ್ರದ ಹೊಟ್ಟೆಗೇ ಮರಳುತ್ತದೆ.

ಈ ಮರಳುವಿಕೆಯನ್ನು ನಾನು ಡೊಂಬಿವಲಿಯ ಒಂದು ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ. ಬೇರೆ ಯಾರೋ ಕೂರಿಸಿ ಹೋಗಿದ್ದರು. ಮಲಗುವ ಕೋಣೆಗೂ ಬಾಲ್ಕನಿಗೂ ನಡುವಿನ ಗೋಡೆಯಲ್ಲಿ ಯಂತ್ರ, ಬಾಲ್ಕನಿಗೆ ಸುತ್ತಲೂ ಸ್ಲೈಡಿಂಗ್ ಗಾಜು. ರಾತ್ರಿ ಅರ್ಧ ಗಂಟೆ ತಂಪು, ಆಮೇಲೆ ಬರಿ ಗಾಳಿ ಎಂಬ ದೂರು. ಗ್ಯಾಸ್ ಹೋಗಿದೆ ಎಂದು ಹೇಳಿ ಎರಡು ಸಲ ಗ್ಯಾಸ್ ತುಂಬಿಸಿ ಹಣ ಪಡೆದಿದ್ದರಂತೆ. ನಾನು ಗಾಜು ಮುಚ್ಚಿ ಯಂತ್ರ ಓಡಿಸಿ, ಬಾಲ್ಕನಿಯಲ್ಲಿ ಥರ್ಮಾಮೀಟರ್ ತೂಗುಹಾಕಿ ಕುಳಿತೆ. ಇಪ್ಪತ್ತೈದು ನಿಮಿಷಕ್ಕೆ 54 ಡಿಗ್ರಿ. ಒಣಗಲು ಹಾಕಿದ್ದ ಟವೆಲ್ ಇಸ್ತ್ರಿ ಮಾಡಿದಂತೆ ಬಿಸಿಯಾಗಿತ್ತು. ಸ್ವಲ್ಪ ಹೊತ್ತಿಗೆ ಟಕ್ ಎಂದು ಕಂಪ್ರೆಸರ್ ನಿಂತಿತು. ಹೊರಗಾಳಿ 35 ಡಿಗ್ರಿ ಇದೆ ಎಂದು ಹಿಡಿದು ಯಂತ್ರದ ಮೇಲೆ ಸಾಮರ್ಥ್ಯ ಬರೆದಿರುತ್ತಾರೆ. ಅದಕ್ಕಿಂತ ಬಿಸಿಯಾದಂತೆಲ್ಲ ತಂಪು ಕಡಿಮೆ, ಬಿಲ್ಲು ಹೆಚ್ಚು, ಕೊನೆಗೆ ಕಂಪ್ರೆಸರನ್ನು ಕಾಯುವ ಓವರ್‌ಲೋಡ್ ಸ್ವಿಚ್ಚು ವಿದ್ಯುತ್ತನ್ನು ಕಡಿದುಹಾಕುತ್ತದೆ. ಗ್ಯಾಸಿಗೆ ಏನೂ ಆಗಿರಲಿಲ್ಲ. ವಿಂಡೋ ಎಸಿಯ ಗ್ಯಾಸು ಕಾರ್ಖಾನೆಯಲ್ಲೇ ಬೆಸುಗೆ ಹಾಕಿ ಮುಚ್ಚಿ ಬಂದಿರುತ್ತದೆ, ಕೂರಿಸುವಾಗ ಅದನ್ನು ಮುಟ್ಟುವ ಅಗತ್ಯವೇ ಇಲ್ಲ. ಯಾರಾದರೂ ಗ್ಯಾಸ್ ಎಂದರೆ ಎಲ್ಲಿ ಸೋರಿದೆ ತೋರಿಸಿ ಎಂದು ಕೇಳಿ. ಆ ಮನೆಯಲ್ಲಿ ಯಂತ್ರದ ಬೆನ್ನಿಗೆ ನೇರವಾಗಿದ್ದ ಎರಡು ಗಾಜುಗಳನ್ನು ಕಾಯಂ ತೆಗೆದು ಗ್ರಿಲ್ ಮಾತ್ರ ಉಳಿಸಿ, ಬೆನ್ನಿನಿಂದ ಗ್ರಿಲ್ಲಿನವರೆಗೆ ತಗಡಿನ ಕೊಳವೆ ಮಾಡಿಸಿದೆವು. ಮಗ್ಗುಲುಗಳನ್ನು ಬಿಡುವಾಗಿಯೇ ಬಿಟ್ಟೆವು.

ಮಗ್ಗುಲಿನ ಮಾತು ಬಂತು, ಅದನ್ನು ಬಿಡಿಸಿ ಹೇಳಬೇಕು. ವಿಂಡೋ ಎಸಿಯ ಎರಡೂ ಪಕ್ಕಗಳಲ್ಲಿ, ಕೆಲವದರಲ್ಲಿ ಮೇಲೆಯೂ, ತಗಡಿನಲ್ಲಿ ಸೀಳುಗಳಿರುತ್ತವೆ. ನಮ್ಮ ಕಡೆಯವರಿಗೆ ಮೀನಿನ ಕಿವಿರು ಎಂದರೆ ಥಟ್ಟನೆ ಅರ್ಥವಾಗುತ್ತದೆ. ಹೊರಗಿನ ಗಾಳಿಯನ್ನು ಯಂತ್ರ ಆ ಕಿವಿರುಗಳಿಂದ ಒಳಗೆಳೆದು, ಬಿಸಿ ಮಾಡಿ, ಹಿಂದಿನಿಂದ ಬಿಡುತ್ತದೆ. ಕಿವಿರು ಗೋಡೆಯೊಳಗೆ ಹೂತುಹೋದರೆ ಉಸಿರು ಕಟ್ಟಿತೆಂದೇ ಅರ್ಥ. ಹೊಸ ಕಟ್ಟಡಗಳ ತೆಳು ಗೋಡೆಯಲ್ಲಿ ಇದು ತೊಂದರೆಯಲ್ಲ. ಹಳೆಯ ಮುಂಬೈಯ ದಪ್ಪ ಇಟ್ಟಿಗೆ ಗೋಡೆಗಳಲ್ಲಿ ತೊಂದರೆಯೆಲ್ಲ ಅಲ್ಲಿಯೇ.

ಮಾಟುಂಗದ ಮನೆಯಲ್ಲಿ ನಾನು ತೋರಿಸಿದ ಜಾಗ ಕಿಟಕಿಯ ಕೆಳಗಿನ ಗೋಡೆ. ನೆಲದಿಂದ ಮೂರಡಿ ಎತ್ತರದ ತುಂಡು ಅದು. ಮಹಡಿಯ ಭಾರವೆಲ್ಲ ಕಿಟಕಿಯ ಅಕ್ಕಪಕ್ಕದ ಗೋಡೆಗಳ ಮೇಲೆ ಇಳಿಯುವುದರಿಂದ ಕಿಟಕಿಯ ಅಡಿಯ ತುಂಡಿಗೆ ಹೊರೆ ಕಡಿಮೆ. ಹಾಗಿದ್ದರೂ ಭಾರ ಹೊರುವ ಇಟ್ಟಿಗೆಯ ಕಟ್ಟಡದಲ್ಲಿ ಎಸಿ ಮೆಕ್ಯಾನಿಕ್ಕಿನ ಮಾತು ನಂಬಿ ಯಾರೂ ಗೋಡೆ ಒಡೆಸಬಾರದು. ಕಟ್ಟಡದ ಮಾಲೀಕರ ಒಪ್ಪಿಗೆ ಪತ್ರ ಬಂತು, ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಗುರುತು ಹಾಕಿಕೊಟ್ಟರು, ಆಮೇಲೆ ಕೆಲಸ. ಗವಂಡಿ ವಿಜಯಪುರ ಕಡೆಯವನು. ಸುತ್ತಿಗೆಯ ಪೆಟ್ಟಿಗೆ ಗೋಡೆ ಅದುರಬಾರದೆಂದು ಮೊದಲು ಕಟರಿನಿಂದ ಗೆರೆ ಕೊಯ್ದು, ಇಟ್ಟಿಗೆಗಳನ್ನು ಒಂದೊಂದಾಗಿ ಬಿಡಿಸಿದ. ಗೋಡೆ ಹದಿನಾಲ್ಕು ಇಂಚು ದಪ್ಪ. ಯಂತ್ರವನ್ನು ಎಷ್ಟು ಹೊರಗೆ ತಳ್ಳಿದರೂ ಕಿವಿರಿನ ಮೊದಲ ಎರಡು ಸಾಲು ಒಳಗೇ ಉಳಿಯುತ್ತಿತ್ತು. "ಹೊರಗಿನ ಅಂಚನ್ನು ಎರಡೂ ಕಡೆ ಓರೆಯಾಗಿ ಕೆತ್ತುತ್ತೇನೆ ಅಣ್ಣಾ, ಗವಾಕ್ಷಿಯ ಹಾಗೆ" ಎಂದ ಅವನು. ಪುಸ್ತಕದಲ್ಲಿರುವ ಉಪಾಯವೂ ಅದೇ, ಅವನಿಗೆ ಅದು ಕೈಯಲ್ಲೇ ಇತ್ತು. ಯಂತ್ರದ ಅರ್ಧಕ್ಕಿಂತ ಹೆಚ್ಚು ಹೊರಗೆ ಚಾಚಿ ನಿಲ್ಲುವುದರಿಂದ ಐವತ್ತು ಕಿಲೋ ಸುಮಾರಿನ ಆ ಭಾರವನ್ನು ಚೌಕಟ್ಟಿನ ಮೇಲೆ ಬಿಡಲಾಗದು. ಕಬ್ಬಿಣದ ಆಂಗಲಿನ ಸ್ಟ್ಯಾಂಡ್ ಹೂಡಿ, ಉಪ್ಪುಗಾಳಿಗೆ ತುಕ್ಕು ಹಿಡಿಯದಂತೆ ಎರಡು ಕೈ ರೆಡ್ ಆಕ್ಸೈಡ್ ಬಳಿದೆವು.

ಇಷ್ಟು ಕೆಳಗೆ ಕೂರಿಸಿದರೆ ತಂಪು ಮೇಲೇರುತ್ತದೆಯೇ ಎಂದು ಯಜಮಾನರಿಗೆ ಅನುಮಾನ. ನ್ಯಾಯವಾದ ಅನುಮಾನವೇ. ತಣ್ಣನೆಯ ಗಾಳಿ ಭಾರ, ನೆಲದ ಮೇಲೆ ಕೆರೆಯಂತೆ ನಿಲ್ಲುತ್ತದೆ. ಯಂತ್ರದ ಸೆನ್ಸರ್ ಆ ತಣ್ಣನೆಯ ಗಾಳಿಯನ್ನೇ ಮುಟ್ಟಿ ನೋಡಿ, ಕೋಣೆ ತಣಿಯಿತೆಂದು ತಿಳಿದು ಬೇಗ ನಿಲ್ಲಿಸುತ್ತದೆ. ಬಾಗಿಲ ಮೇಲೆ ಕೂರಿಸಿದ ಯಂತ್ರಕ್ಕೆ ಇದರ ತಿರುವುಮುರುವು: ಅದು ಛಾವಣಿಯ ಬಿಸಿಗಾಳಿಯನ್ನೇ ಎಳೆಯುತ್ತಾ ನಿಲ್ಲದೆ ಓಡುತ್ತದೆ. ಕೆಳಗಿನದಕ್ಕೆ ಮದ್ದು ಸುಲಭ. ಗಾಳಿಯ ರೆಕ್ಕೆಗಳನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಸೀಲಿಂಗ್ ಫ್ಯಾನನ್ನು ಎಲ್ಲಕ್ಕಿಂತ ಕಡಿಮೆ ವೇಗದಲ್ಲಿ ಬಿಟ್ಟರೆ ಸಾಕು. ಮಂಚವನ್ನು ಎರಡಡಿ ಸರಿಸಿ ಅಜ್ಜಿಯ ಮೊಣಕಾಲಿಗೆ ನೇರ ಗಾಳಿ ತಗಲದಂತೆ ನೋಡಿಕೊಂಡೆವು. ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯಲು ಸ್ಟೂಲು ಹತ್ತುವ ಕೆಲಸವೂ ತಪ್ಪಿತು. ಎಪ್ಪತ್ತರ ಹತ್ತಿರದ ಮಗ ಸ್ಟೂಲಿನ ಮೇಲೆ ನಿಂತು ಬಾಗಿಲ ಮೇಲಿನ ಫಿಲ್ಟರ್ ಎಳೆಯುವುದನ್ನು ನೆನೆಸಿಕೊಂಡರೇ ನನಗೆ ಭಯವಾಗುತ್ತದೆ.

ನೀರಿನ ಮಾತು. ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಇಂಥ ಯಂತ್ರವನ್ನು ಮೊದಲು ರೂಪಿಸಿದ್ದು ನ್ಯೂಯಾರ್ಕಿನ ಬ್ರೂಕ್ಲಿನ್ನಿನ ಮುದ್ರಣಾಲಯವೊಂದರ ತೇವ ತಡೆಯಲು, ಕಾಗದ ಉಬ್ಬಿ ಬಣ್ಣದ ಅಚ್ಚು ತಪ್ಪುತ್ತಿತ್ತೆಂದು. ಮುಂಬೈಯಲ್ಲಿ ಈಗಲೂ ಅದರ ದುಡಿಮೆಯ ದೊಡ್ಡ ಪಾಲು ತೇವ ಹಿಂಡುವುದೇ. ಜೂನಿನಲ್ಲಿ ಗಂಟೆಗೆ ಒಂದು ಲೀಟರಿಗೂ ಮಿಕ್ಕಿ ನೀರು ಇಳಿಯುತ್ತದೆ. ಅದು ಹಿಂದಕ್ಕೆ ಹರಿಯಬೇಕಾದರೆ ಯಂತ್ರ ಹೊರಗಡೆಗೆ ಕಾಲು ಇಂಚಿನಿಂದ ಅರ್ಧ ಇಂಚು ವಾಲಿರಬೇಕು. ರಸಮಟ್ಟ ಇಟ್ಟರೆ ಗುಳ್ಳೆ ಗೆರೆ ದಾಟಿ ಒಳಮಗ್ಗುಲಿಗೆ ಸರಿದು ನಿಲ್ಲಬೇಕು. ಹಿಂದಿನ ಫ್ಯಾನಿನ ಸುತ್ತಲಿನ ಬಳೆ ಆ ನೀರನ್ನು ಎತ್ತಿ ಬಿಸಿ ಕಾಯಿಲಿನ ಮೇಲೆ ಎರಚುತ್ತದೆ. ಚಿಟಪಟ ಸದ್ದು ಕೇಳಿದರೆ ಗಾಬರಿ ಬೇಡ, ಆ ಎರಚಾಟದಿಂದ ಯಂತ್ರಕ್ಕೆ ಲಾಭವೇ. ಸದ್ದು ನಿಲ್ಲಿಸಲು ತಳದ ತಟ್ಟೆಗೆ ಡ್ರಿಲ್ಲಿನಿಂದ ತೂತು ಹೊಡೆಯುವವರಿದ್ದಾರೆ. ದಯವಿಟ್ಟು ತೂತು ಹೊಡೆಯಲು ಬಿಡಬೇಡಿ. ತಟ್ಟೆಗೆ ಅಂಟಿಕೊಂಡೇ ಗ್ಯಾಸ್ ಹರಿಯುವ ತಾಮ್ರದ ಕೊಳವೆಗಳು ಓಡಿರುತ್ತವೆ, ಮೇಲಾಗಿ ಈಗಿನ ಹಲವು ಯಂತ್ರಗಳಲ್ಲಿರುವ ಆರ್-32 ಬೆಂಕಿ ಹಿಡಿಯುವ ಗುಣವಿರುವ ಅನಿಲ. ಹೆಚ್ಚಾದ ನೀರಿಗೆ ಕಾರ್ಖಾನೆಯೇ ಮಾಡಿಟ್ಟ ಬಾಯಿ ಇರುತ್ತದೆ. ಅದಕ್ಕೆ ಪೈಪು ಹಾಕಿ ಮಳೆನೀರಿನ ಕೊಳವೆಗೆ ಸೇರಿಸಿ. ಕೆಳಗಿನ ಮನೆಯ ಸಜ್ಜದ ಮೇಲೆ ಹಗಲಿರುಳು ಬೀಳುವ ಹನಿಯಿಂದ ಇಪ್ಪತ್ತು ವರ್ಷದ ಸ್ನೇಹ ಮುರಿದದ್ದನ್ನು ನೋಡಿದ್ದೇನೆ.

ವಿದ್ಯುತ್ತಿನ ವಿಷಯದಲ್ಲಿ ನಾನು ಯಾರ ಜೊತೆಯೂ ರಾಜಿಯಾಗುವುದಿಲ್ಲ. ಹೊಸ ಜಾಗವೆಂದರೆ ಅಲ್ಲಿ ಪ್ಲಗ್ ಇರುವುದಿಲ್ಲ, ಹಾಗಾಗಿ ಎಕ್ಸ್‌ಟೆನ್ಷನ್ ಬೋರ್ಡು ಬರುತ್ತದೆ. ಮುಂಬೈಯ ಲಾಲ್‌ಬಾಗಿನ ಒಂದು ಖೋಲಿಯಲ್ಲಿ, ಅಂದರೆ ಒಂದೇ ಕೋಣೆಯ ಮನೆಯಲ್ಲಿ, ಅಂಥ ಬೋರ್ಡಿನಿಂದ ಪ್ಲಗ್ ಎಳೆದೆ, ಬರಲಿಲ್ಲ. ಮೇನ್ ಆರಿಸಿ ಜಗ್ಗಿದಾಗ ಬೋರ್ಡಿನ ಬಾಯಿಯೂ ಸೇರಿ ಕಿತ್ತು ಬಂತು. ಪಿನ್ನುಗಳು ಕಪ್ಪಾಗಿ, ಸುತ್ತಲಿನ ಪ್ಲಾಸ್ಟಿಕ್ ಬೆಲ್ಲದ ಪಾಕದಂತೆ ಕರಗಿ ಮತ್ತೆ ಗಟ್ಟಿಯಾಗಿತ್ತು. ಅದರ ಪಕ್ಕದಲ್ಲೇ ಮಗುವಿನ ಹಾಸಿಗೆ. ಒಂದೂವರೆ ಟನ್ನಿನ ಯಂತ್ರ ಓಡುವಾಗ ಏಳೆಂಟು ಆಂಪಿಯರ್ ಎಳೆದರೂ ಕಂಪ್ರೆಸರ್ ಎದ್ದೇಳುವ ಗಳಿಗೆಯಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಮೇನ್ ಬೋರ್ಡಿನಿಂದಲೇ ಬೇರೆ ತಂತಿ, 4 ಚದರ ಮಿಲಿಮೀಟರ್ ತಾಮ್ರ, ಅದಕ್ಕೇ ಮೀಸಲಾದ 20 ಆಂಪಿಯರ್ ಎಂಸಿಬಿ (ಹೊರೆ ಮೀರಿದರೆ ತಾನೇ ಆರುವ ಸ್ವಿಚ್ಚು), ಕೆಲಸ ಮಾಡುವ ಅರ್ಥಿಂಗ್. ಇದಕ್ಕೆ ಖರ್ಚು ಮಾಡಲಾಗದಿದ್ದರೆ ಈ ವರ್ಷ ಎಸಿ ಬೇಡ, ಇನ್ನೊಂದು ಫ್ಯಾನ್ ಕೊಳ್ಳಿ ಎಂದು ನೇರವಾಗಿ ಹೇಳುತ್ತೇನೆ.

ಬಚ್ಚಲಿನ ಕಡೆ ಬೆನ್ನು ಮಾಡಿ ಕೂರಿಸುವುದನ್ನು ನಾನು ಎಂದೂ ಒಪ್ಪಿಲ್ಲ. ಅಲ್ಲಿ ಗ್ಯಾಸ್ ಗೀಜರ್ ಇದ್ದರಂತೂ ಅದು ಪ್ರಾಣದ ಮಾತು. ಗೀಜರ್ ಉರಿಯುವಾಗ ಹುಟ್ಟಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಅದು ಹೊರಹೋಗಲು ಇರುವ ಒಂದೇ ವೆಂಟಿಲೇಟರನ್ನು ಯಂತ್ರಕ್ಕಾಗಿ ಕಟ್ಟಿಬಿಟ್ಟ ಮನೆಗಳನ್ನು ಕಂಡು ಅಲ್ಲಿಯೇ ನಿಂತು ಬಿಚ್ಚಿಸಿದ್ದೇನೆ.

ಇಷ್ಟೆಲ್ಲ ತಾಪತ್ರಯ ಏಕೆ, ಒಳಗೊಂದು ಹೊರಗೊಂದು ಪೆಟ್ಟಿಗೆಯಿರುವ ಸ್ಪ್ಲಿಟ್ ಎಸಿ ಹಾಕಿಸಬಾರದೇ ಎಂದು ಕೇಳುತ್ತಾರೆ. ಹಾಕಿಸಬಹುದು, ಎಷ್ಟೋ ಮನೆಗೆ ಅದೇ ಸರಿ. ಆದರೆ ಅದರ ಹೊರಗಿನ ಪೆಟ್ಟಿಗೆಯನ್ನು ಗೋಡೆಗೆ ನೇತುಹಾಕಲು ನಮ್ಮ ಹುಡುಗರು ಐದನೆಯ, ಹತ್ತನೆಯ ಮಹಡಿಯ ಸಜ್ಜದ ಮೇಲೆ ಇಳಿಯುತ್ತಾರೆ. ಸೊಂಟಕ್ಕೆ ಬೆಲ್ಟ್ ಇಲ್ಲ, ಕಾಲಡಿಗೆ ಪಾಚಿ. ಬೆಲ್ಟ್ ಇಲ್ಲದೆ ಇಳಿಯಬೇಡ ಎಂದು ನಾನು ಹೇಳುತ್ತೇನೆ. ಮನೆಯವರೂ ಹೇಳಬೇಕು, ಬೇಗ ಮುಗಿಸು ಎಂದು ಅವಸರ ಮಾಡಬಾರದು. ವಿಂಡೋ ಯಂತ್ರವನ್ನು ಕೋಣೆಯ ಒಳಗಿನಿಂದಲೇ ತಳ್ಳಿ ಕೂರಿಸಬಹುದು, ಸರ್ವಿಸಿಗೆ ಒಳಗೇ ಎಳೆದುಕೊಳ್ಳಬಹುದು. ಹನ್ನೊಂದು ತಿಂಗಳ ಕರಾರಿನ ಬಾಡಿಗೆಯವರು ಮನೆ ಬಿಡುವಾಗ ಅನಾಯಾಸವಾಗಿ ಒಯ್ಯಲೂಬಹುದು.

ಮಾಟುಂಗದ ಯಂತ್ರ ಮೇ ಎರಡನೆಯ ವಾರ ಶುರುವಾಯಿತು. 26 ಡಿಗ್ರಿಗೆ ಇಟ್ಟು, ಫ್ಯಾನ್ ಬಿಟ್ಟು, ಚೌಕಟ್ಟಿನ ಸಂದುಗಳಿಗೆ ಫೋಮ್ ತುಂಬಿ, ರಿಮೋಟಿನ ಗುಂಡಿಗಳನ್ನು ಅಜ್ಜಿಗೆ ತೋರಿಸಿಕೊಟ್ಟೆ. ಅವರು ಅದನ್ನು ಪಕ್ಕಕ್ಕಿಟ್ಟು, "ಇನ್ನು ಕಿಟಕಿ ತೆರೆಯುವ ಹಾಗೆಯೇ ಇಲ್ಲವೇ?" ಎಂದು ಕೇಳಿದರು.

"ತೆರೆಯಲೇಬೇಕು ಅಮ್ಮ" ಎಂದೆ. ಒಳಗಿನ ಗಾಳಿಯನ್ನೇ ಸುತ್ತಿಸುವ ಯಂತ್ರ ಅದು, ಹೊಸ ಗಾಳಿಯನ್ನು ತಂದುಕೊಡುವುದಿಲ್ಲ. ಬೆಳಿಗ್ಗೆ ಆರರಿಂದ ಹತ್ತರವರೆಗೆ ಯಂತ್ರ ಆರಿಸಿ, ಎರಡೂ ಪಲ್ಲೆ ತೆರೆದಿಡಿ. ಹತ್ತರ ಮೇಲೆ ಗಾಜು ಮುಚ್ಚಿದರಾಯಿತು, ಪರದೆ ಎಳೆಯುವುದು ಬೇಡ, ಈ ಕಿಟಕಿಗೆ ಮಧ್ಯಾಹ್ನದ ಬಿಸಿಲು ಬೀಳುವುದಿಲ್ಲ. ಅಜ್ಜಿ ಮಗನನ್ನು ಕರೆದು, ಸರಿಸಿದ ಮಂಚವನ್ನು ಇನ್ನೊಂದು ಗೇಣು ಕಿಟಕಿಯ ಕಡೆಗೆ ತರಿಸಿಕೊಂಡರು.