ನೆಲದ ಹೆಲಿಕಾಪ್ಟರ್ ಹಡಗು ಹತ್ತಿದಾಗ

1943ರ ಮೇ ತಿಂಗಳಲ್ಲಿ ಅಮೆರಿಕ ಸೇನೆಯ ಫ್ರ್ಯಾಂಕ್ ಗ್ರೆಗರಿ ಸಿಕೋರ್ಸ್ಕಿ ಕಂಪನಿಯ ಹೆಲಿಕಾಪ್ಟರೊಂದನ್ನು ಬಂಕರ್ ಹಿಲ್ ಎಂಬ ತೈಲ ಹಡಗಿನ ಮೇಲೆ ಇಳಿಸಿ ತೋರಿಸಿದರು. ಇಳಿಯಬಹುದು ಅನ್ನೋದು ಅಂದೇ ಖಚಿತವಾಯಿತು. ತಲೆನೋವು ಇದ್ದದ್ದು ಇಳಿದ ಮೇಲೆ.

ಹೆಲಿಕಾಪ್ಟರಿನ ತಲೆಯ ಮೇಲೆ ತಿರುಗುವ ರೋಟರ್ ಪೂರ್ತಿ ವೇಗದಲ್ಲಿದ್ದಾಗ ಅದರ ಉದ್ದನೆಯ ಬ್ಲೇಡ್‌ಗಳು ಬಿಗಿಯಾಗಿರುತ್ತವೆ. ಸ್ಟಾರ್ಟ್ ಮಾಡುವಾಗ, ನಿಲ್ಲಿಸುವಾಗ ಸಡಿಲ. ಡೆಕ್ಕಿನ ಅಂಚಿನಿಂದ ಮೇಲಕ್ಕೆ ನುಗ್ಗುವ ಗಾಳಿ ಬ್ಲೇಡನ್ನು ಎತ್ತಿ ಬಡಿದರೆ ಅದು ಹೆಲಿಕಾಪ್ಟರಿನ ಮೈಗೇ ತಾಗಬಹುದು. ಇದೇ ‘ಬ್ಲೇಡ್ ಸೇಲಿಂಗ್’. ನೌಕಾಪಡೆಗೆಂದೇ ಕೊಂಡ ಸಿಎಚ್-46 ಹೆಲಿಕಾಪ್ಟರಿನಲ್ಲೂ ಹೀಗೆ ಸಾಕಷ್ಟು ಸಲ ಆಗಿದೆ. ರೋಟರ್ ಬ್ರೇಕ್ ಇಲ್ಲದ, ನೆಲದ ಬಳಕೆಗೆಂದು ಮಾಡಿದ ಹೆಲಿಕಾಪ್ಟರಿನಲ್ಲಿ ಬ್ಲೇಡ್ ನಿಲ್ಲಲು ಹೆಚ್ಚು ಹೊತ್ತು ಬೇಕು. ಅಪಾಯವೂ ಅಷ್ಟು ಹೊತ್ತು ಜಾಸ್ತಿ.

ಇನ್ನೊಂದು ಕಷ್ಟ, ತೂಗಾಡುವ ಡೆಕ್. 1960ರ ದಶಕದಲ್ಲಿ ಕೆನಡಾದವರು ಚಿಕ್ಕ ಯುದ್ಧನೌಕೆಗಳಲ್ಲಿ ದೊಡ್ಡ ಸೀ ಕಿಂಗ್ ಹೆಲಿಕಾಪ್ಟರ್ ಇಳಿಸಲು ‘ಬೇರ್‌ಟ್ರ್ಯಾಪ್’ ತಂದರು. ಹೆಲಿಕಾಪ್ಟರಿಗೆ ಕೇಬಲ್ ಕಟ್ಟಿ ಕೆಳಕ್ಕೆ ಎಳೆಯುವುದು, ಡೆಕ್ ಮುಟ್ಟಿದ ಕೂಡಲೇ ಕಬ್ಬಿಣದ ದವಡೆಯಲ್ಲಿ ಹಿಡಿದುಬಿಡುವುದು. ಒರಟು ಉಪಾಯ ಅನಿಸಬಹುದು. ಆದರೆ ಕೆಲಸ ಮಾಡಿತು.

ಅಮೆರಿಕ ಸೇನೆಯ ಬ್ಲ್ಯಾಕ್ ಹಾಕ್ ಹೆಲಿಕಾಪ್ಟರ್ ನೌಕಾಪಡೆಯ ಎಸ್‌ಎಚ್-60ಬಿ ಆಗುವಾಗ ಇದೆಲ್ಲ ಲೆಕ್ಕಕ್ಕೆ ಬಂತು. ಹಿಂದಿನ ಚಕ್ರವನ್ನು ಮುಂದಕ್ಕೆ ತಂದರು. ಬ್ಲೇಡು, ಬಾಲ ಮಡಚುವಂತಾಯಿತು. ಉಪ್ಪಿನ ತುಕ್ಕಿನಿಂದಲೂ ರಕ್ಷಣೆ ಸಿಕ್ಕಿತು.

ಆದರೆ ಯುದ್ಧ ಬಂದಾಗ ಹೊಸ ವಿನ್ಯಾಸಕ್ಕೆ ಸಮಯವೆಲ್ಲಿ? 1987ರಲ್ಲಿ ಪರ್ಷಿಯನ್ ಕೊಲ್ಲಿಯಲ್ಲಿ ಅಮೆರಿಕದ ಭೂಸೇನೆಯ ಪುಟ್ಟ ಹೆಲಿಕಾಪ್ಟರ್‌ಗಳು ಯುದ್ಧನೌಕೆಯಿಂದಲೇ ಹಾರಿ, ಸಮುದ್ರದಲ್ಲಿ ಮೈನ್ ಹಾಕುತ್ತಿದ್ದ ‘ಇರಾನ್ ಅಜ್ರ್’ ಎಂಬ ಇರಾನಿ ಹಡಗಿನ ಮೇಲೆ ದಾಳಿ ಮಾಡಿದವು. 1994ರಲ್ಲಿ ಹೈಟಿಗೆ ಹೊರಟ ಐಸೆನ್‌ಹೋವರ್ ವಿಮಾನವಾಹಕ ನೌಕೆ ಭೂಸೇನೆಯ ಹೆಲಿಕಾಪ್ಟರ್‌ಗಳನ್ನು ಗುಂಪುಗುಂಪಾಗಿ ಹೊತ್ತೊಯ್ದಿತು.

ಇಲ್ಲಿ ಕಣ್ಣಿಗೆ ಕಾಣದ ಅಪಾಯವೂ ಇದೆ. ಹಡಗಿನ ರೇಡಾರ್ ಅಲೆಗಳು ಹೆಲಿಕಾಪ್ಟರಿನಲ್ಲಿರುವ ರಾಕೆಟ್ ಹೊತ್ತಿಸುವ ತಂತಿಯಲ್ಲಿ ವಿದ್ಯುತ್ ಹುಟ್ಟಿಸಬಲ್ಲವು. ಹೆಲಿಕಾಪ್ಟರಿನ ಎಲೆಕ್ಟ್ರಾನಿಕ್ಸ್ ಅನ್ನೂ ಕೆಡಿಸಬಲ್ಲವು. ನನಗಂತೂ ಸಮುದ್ರದ ಅಲೆಗಿಂತ ಇದೇ ಹೆಚ್ಚು ಭಯ ಹುಟ್ಟಿಸುತ್ತದೆ.

1990ರ ದಶಕದ ಕೊನೆಗೆ ಅಮೆರಿಕ ಜೆಶಿಪ್ ಎಂಬ ಜಂಟಿ ಪರೀಕ್ಷಾ ಯೋಜನೆ ಶುರುಮಾಡಿತು. ಭೂಸೇನೆ, ವಾಯುಪಡೆಯ ಹೆಲಿಕಾಪ್ಟರ್‌ಗಳನ್ನು ಬೇರೆ ಬೇರೆ ಹಡಗುಗಳ ಮೇಲೆ ಪರೀಕ್ಷಿಸಿದರು. ಎಷ್ಟು ಗಾಳಿ, ಯಾವ ದಿಕ್ಕಿನಿಂದ, ಡೆಕ್ ಎಷ್ಟು ವಾಲಿದರೆ ಹಾರಾಟ ನಿಲ್ಲಿಸಬೇಕು ಅನ್ನೋದನ್ನು ಹೆಲಿಕಾಪ್ಟರ್-ಹಡಗಿನ ಪ್ರತಿ ಜೋಡಿಗೂ ಬೇರೆಯಾಗಿಯೇ ನೋಡಬೇಕು. ಡೆಕ್ಕಿನ ಮೇಲೆ ಹೆಲಿಕಾಪ್ಟರ್ ಇಡುವ ಹ್ಯಾಂಗರಿನ ಹಿಂದೆ ಸುಳಿಯುವ ಗಾಳಿ ಹಡಗಿನಿಂದ ಹಡಗಿಗೆ ಬದಲಾಗುತ್ತದೆ. ಒಂದರ ಮೇಲೆ ಇಳಿಯಲು ಒಪ್ಪಿಗೆ ಸಿಕ್ಕಿತೆಂದು ಇನ್ನೊಂದರ ಮೇಲೆ ಸುಮ್ನೆ ಇಳಿಸುವಂತಿಲ್ಲ.